ಕೈಯಲ್ಲಿ ಹಿಡಿಯುವ ಗಾಳಿ ಮೀಟರ್, ಬ್ಯಾಲಿಸ್ಟಿಕ್ ಆ್ಯಪ್: 1000 ಮೀಟರಿಗೆ ಯಾವುದು ಬೇಕು, ಯಾವುದು ಬೇಡ?

ಝೀರೋ100 ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ರೈಫಲಿನ ತೋಟಾ 6.5 ಕ್ರೀಡ್‌ಮೂರ್, 140 ಗ್ರೇನ್ ತೂಕದ ಗುಂಡು, ಮಜಲ್ ವೆಲಾಸಿಟಿ (ನಳಿಗೆ ಬಿಡುವಾಗ ಗುಂಡಿನ ವೇಗ) 820 ಮೀ/ಸೆ. ಆಸುಪಾಸು, ಸ್ಕೋಪ್ ಮಿಲ್‌ನದ್ದು (1 ಮಿಲ್ ಅಂದರೆ 1000 ಮೀಟರಿಗೆ 1 ಮೀಟರಿನ ಕೋನ), ಝೀರೋ (ಏನೂ ತಿರುಗಿಸದೆ ಗುರಿಯಿಟ್ಟಲ್ಲೇ ಗುಂಡು ಬೀಳುವ ದೂರ) 100 ಮೀಟರಿಗೆ. 600 ಮೀಟರಿನವರೆಗೆ ಚೀಟಿಯಲ್ಲಿ ಬರೆದಿಟ್ಟ ಡೋಪ್ (ಯಾವ ದೂರಕ್ಕೆ ಸ್ಕೋಪ್ ಎಷ್ಟು ತಿರುಗಿಸಬೇಕೆಂಬ ಪಟ್ಟಿ) ಸಾಕಾಗುತ್ತದೆ. ಇನ್ನು 800 ಮತ್ತು 1000 ಮೀಟರಿನ ಸ್ಟೀಲ್ ಪ್ಲೇಟ್‌ಗಳಿಗೆ ಹೊಡೆಯಬೇಕು.

ಗೊಂದಲ ಮೂರು. ಗುಂಡಿನ ದಾರಿ ಲೆಕ್ಕ ಹಾಕುವ ಸಾಲ್ವರ್ ಒಳಗೇ ಇರುವ ಕೆಸ್ಟ್ರೆಲ್ 5700 ಎಲೀಟ್ ತರಹದ ಗಾಳಿ ಮೀಟರ್ ಬೇಕೋ, ಅಥವಾ ಸಾದಾ ಗಾಳಿ ಮೀಟರ್ ಜೊತೆಗೆ ಫೋನಿನ ಆ್ಯಪ್ ಸಾಕೋ? ಪುಟ್ಟ ಫ್ಯಾನು ತಿರುಗುವ ಮೀಟರ್ ಒಳ್ಳೆಯದೋ, ಅಲ್ಟ್ರಾಸಾನಿಕ್ ಒಳ್ಳೆಯದೋ? ಆ್ಯಪ್‌ಗಳಲ್ಲಿ ಒಂದೊಂದು ಒಂದೊಂದು ಉತ್ತರ ಕೊಟ್ಟರೆ ಯಾವುದನ್ನು ನಂಬುವುದು?

---

ಲೆಕ್ಕದಪ್ಪ ಉತ್ತರ:

ಕೊಳ್ಳುವ ಮುಂಚೆ ಯಾವ ತಪ್ಪು ಗುಂಡನ್ನು ಎಷ್ಟು ಸರಿಸುತ್ತದೆ ಎಂದು ನೋಡಿಕೊಳ್ಳಿ. ದುಡ್ಡು ಎಲ್ಲಿ ಹಾಕಬೇಕು ಅನ್ನೋದು ಆಮೇಲೆ ತಾನಾಗೇ ಗೊತ್ತಾಗುತ್ತದೆ. ನಿಮ್ಮದೇ ಗುಂಡು, 1000 ಮೀಟರು, ಸ್ಟ್ಯಾಂಡರ್ಡ್ ಹವೆ (15 ಡಿಗ್ರಿ, 1013.25 ಹೆಕ್ಟೊಪ್ಯಾಸ್ಕಲ್) ಎಂದಿಟ್ಟುಕೊಳ್ಳೋಣ.

ಗುಂಡು ಪ್ಲೇಟು ಮುಟ್ಟಲು ಸುಮಾರು 1.65 ಸೆಕೆಂಡು ಬೇಕು. ಹವೆಯ ತಡೆಯೇ ಇಲ್ಲದಿದ್ದರೆ 1000 ಮೀಟರನ್ನು 820ರಿಂದ ಭಾಗಿಸಿದಷ್ಟು, ಅಂದರೆ 1.22 ಸೆಕೆಂಡು. ವ್ಯತ್ಯಾಸ 0.43. ಅಡ್ಡಗಾಳಿಯ ವೇಗವನ್ನು ಈ 0.43ರಿಂದ ಗುಣಿಸಿದರೆ ಗುಂಡು ಪಕ್ಕಕ್ಕೆ ಎಷ್ಟು ಜರುಗುತ್ತದೆ ಎಂಬುದು ಬರುತ್ತದೆ. 4 ಮೀ/ಸೆ. ಅಡ್ಡಗಾಳಿಗೆ 1.7 ಮೀಟರು. ಬೀಸುತ್ತಿರುವುದು 4, ನೀವು ಅಂದಾಜಿಸಿದ್ದು 3 ಆದರೆ 43 ಸೆಂ.ಮೀ. ಹೋಯಿತು. ಪ್ಲೇಟಿನ ಅಂಚೂ ಸಿಗುವುದಿಲ್ಲ.

ಈಗ ಎತ್ತರದ ಲೆಕ್ಕ. ಮಜಲ್ ವೆಲಾಸಿಟಿ 10 ಮೀ/ಸೆ. ತಪ್ಪಿದ್ದರೆ ಸುಮಾರು 30 ಸೆಂ.ಮೀ. ದೂರ 10 ಮೀಟರು ತಪ್ಪಿದ್ದರೆ ಸುಮಾರು 15. ತಾಪಮಾನ 10 ಡಿಗ್ರಿ ತಪ್ಪಿದ್ದರೆ ಹವೆಯ ಸಾಂದ್ರತೆ ಶೇ 3.5ರಷ್ಟು ತಪ್ಪುತ್ತದೆ, ಅದೂ ಹತ್ತಿರ ಹತ್ತಿರ 15 ಸೆಂ.ಮೀ. ಒತ್ತಡ 10 ಹೆಕ್ಟೊಪ್ಯಾಸ್ಕಲ್ ತಪ್ಪಿದರೆ ಐದಾರು ಸೆಂ.ಮೀ. ಅಷ್ಟೆ. ತೇವಾಂಶವಂತೂ 25 ಡಿಗ್ರಿಯಲ್ಲಿ ಸೊನ್ನೆಯಿಂದ ನೂರಕ್ಕೆ ಹೋದರೂ ಸಾಂದ್ರತೆ ಬದಲಾಗುವುದು ಶೇ 1.2 ಮಾತ್ರ. ಅದೂ ಬಹಳ ಜನ ತಿಳಿದಿರುವುದಕ್ಕೆ ಉಲ್ಟಾ: ತೇವ ಹೆಚ್ಚಿದಷ್ಟೂ ಹವೆ ಹಗುರ.

ಕೆಸ್ಟ್ರೆಲ್ 5000 ಸರಣಿಯ ಒತ್ತಡದ ನಿಖರತೆ 1.5 ಹೆಕ್ಟೊಪ್ಯಾಸ್ಕಲ್, ತಾಪಮಾನದ್ದು ಅರ್ಧ ಡಿಗ್ರಿ. ಇದರಿಂದ ಬರುವ ತಪ್ಪು 1000 ಮೀಟರಿನಲ್ಲಿ ಒಂದೆರಡು ಸೆಂ.ಮೀ. ಸ್ಕೋಪಿನ ಒಂದು ಕ್ಲಿಕ್ಕೇ (0.1 ಮಿಲ್) 10 ಸೆಂ.ಮೀ. ಇರುವಾಗ ಅದಕ್ಕಿಂತ ಸೂಕ್ಷ್ಮ ಸೆನ್ಸರ್‌ಗೆ ದುಡ್ಡು ಸುರಿಯುವುದು ದಂಡ. ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಉಪಕರಣ) ಇಲ್ಲದೆ 820 "ಆಸುಪಾಸು" ಎಂದು ಬರೆದಿದ್ದೀರಲ್ಲ, ಆ ಆಸುಪಾಸಿನಲ್ಲೇ ನಿಮ್ಮ ಪ್ಲೇಟು ಕಳೆದುಹೋಗುತ್ತದೆ. ಮೊದಲ ಖರ್ಚು ಕ್ರೋನೋಗ್ರಾಫ್. ಗಾರ್ಮಿನ್ ಕ್ಸೆರೋ ಸಿ1 ಪ್ರೋ, ಲ್ಯಾಬ್‌ರೇಡಾರ್ ತರಹದ ರೇಡಾರ್‌ನದ್ದಾದರೆ ನಳಿಗೆಗೆ ಏನೂ ಕಟ್ಟಬೇಕಿಲ್ಲ. ಮ್ಯಾಗ್ನೆಟೋಸ್ಪೀಡ್ ನಳಿಗೆಗೇ ಬಿಗಿಯುವಂಥದ್ದು. ವೇಗ ಸರಿಯಾಗೇ ಕೊಡುತ್ತದೆ, ಆದರೆ ಅದು ತೂಗುತ್ತಿರುವಾಗ ಗುಂಡು ಬೀಳುವ ಜಾಗ ಬದಲಾಗುವುದರಿಂದ ಝೀರೋ ಮಾಡಬೇಡಿ. ಕನಿಷ್ಠ 10 ಗುಂಡಿನ ಸರಾಸರಿ ತೆಗೆಯಿರಿ. ಮೂರು ಗುಂಡಿನ ಸರಾಸರಿ ಬರೀ ಸಮಾಧಾನಕ್ಕೆ.

---

ಮೂರುಕಾಲು ಉತ್ತರ:

ಲೆಕ್ಕದಪ್ಪನವರ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಮೀಟರಿನ ವಿಷಯಕ್ಕೆ ಬರ್ತೀನಿ.

ಸಾಲ್ವರ್ ಒಳಗಿರುವ ಮೀಟರ್‌ನ ನಿಜವಾದ ಲಾಭ ಲೆಕ್ಕದ ನಿಖರತೆಯಲ್ಲ. ಒತ್ತಡ, ತಾಪಮಾನ, ತೇವಾಂಶ ಮೂರೂ ಸೆನ್ಸರ್‌ನಿಂದ ನೇರ ಲೆಕ್ಕಕ್ಕೆ ಹೋಗುತ್ತವೆ, ನಡುವೆ ನಿಮ್ಮ ಬೆರಳು ಇಲ್ಲ. ಕೈಯಲ್ಲಿ ಅಂಕಿ ಟೈಪು ಮಾಡುವಾಗ ಆಗುವ ತಪ್ಪುಗಳು ಸೆನ್ಸರ್ ತಪ್ಪಿಗಿಂತ ಹತ್ತು ಪಟ್ಟು ದೊಡ್ಡವು. ಜೊತೆಗೆ ಒಂದೇ ಒಂದು ಎಎ ಸೆಲ್ಲು, ಗುಂಡಿಗಳನ್ನು ಕೈಗವಸು ಹಾಕಿಕೊಂಡೂ ಒತ್ತಬಹುದು, ಬಿಸಿಲಲ್ಲೂ ಪರದೆ ಕಾಣುತ್ತದೆ. ಐಫೋನು ಬಳಸಲು ಕಂಪನಿಯೇ ಹೇಳುವ ಮಿತಿ 35 ಡಿಗ್ರಿ. ಚಾಪೆಯ ಮೇಲೆ ಬಿಸಿಲಿಗೆ ಬಿಟ್ಟ ಕಪ್ಪು ಫೋನು ಅದನ್ನು ಬೇಗನೆ ದಾಟಿ ಪರದೆ ಮಂಕು ಮಾಡಿಕೊಳ್ಳುತ್ತದೆ, ಆಮೇಲೆ ಮುಷ್ಕರ.

ಫೋನು ಬೇಡ ಅಂತಲ್ಲ. ದೊಡ್ಡ ಪರದೆಯಲ್ಲಿ ಪ್ರೊಫೈಲ್ ತುಂಬುವುದು, ಎರಡು ಗುಂಡುಗಳನ್ನು ಹೋಲಿಸುವುದು, ಚೀಟಿ ಪ್ರಿಂಟು ಮಾಡುವುದು ಎಲ್ಲ ಅಲ್ಲೇ ಸುಲಭ. ನಿಧಾನವಾಗಿ ಒಂದೇ ದೂರಕ್ಕೆ ಹೊಡೆಯುವವರಿಗೆ ಸಾದಾ ಮೀಟರ್ ಮತ್ತು ಫೋನು ಸಾಕು. ಗಡಿಯಾರ ಓಡುತ್ತಿರುವಾಗ ಐದಾರು ದೂರಕ್ಕೆ ಹೊಡೆಯಬೇಕಾದ ಪಂದ್ಯಕ್ಕೆ ಸಾಲ್ವರ್ ಮೀಟರ್. ಕೊಳ್ಳುವಾಗ ಒಂದು ಎಚ್ಚರ: ಕೆಸ್ಟ್ರೆಲ್‌ನಲ್ಲಿ "ಲಿಂಕ್" ಎಂದಿದ್ದರೆ ಮಾತ್ರ ಬ್ಲೂಟೂತ್. ಅದಿಲ್ಲದ್ದನ್ನು ತಂದು ಫೋನಿಗೆ ಜೋಡಿಸಲು ಒದ್ದಾಡಬೇಡಿ.

ಫ್ಯಾನೋ ಅಲ್ಟ್ರಾಸಾನಿಕ್ಕೋ? ಕ್ಯಾಲಿಪ್ಸೋ ತರಹದ ಅಲ್ಟ್ರಾಸಾನಿಕ್‌ನಲ್ಲಿ ತಿರುಗುವ ಭಾಗವೇ ಇಲ್ಲ, ಸವೆಯುವುದಿಲ್ಲ. ಯಾವ ಕಡೆಯಿಂದ ಬೀಸಿದರೂ ದಿಕ್ಕು, ವೇಗ ಎರಡನ್ನೂ ಒಟ್ಟಿಗೇ ಕೊಡುತ್ತದೆ. ಸ್ಟ್ಯಾಂಡಿನ ಮೇಲೆ ನೆಟ್ಟು ಬಿಡುವುದಕ್ಕೆ ಅದು ಸೊಗಸು. ಕೈಯಲ್ಲಿ ಹಿಡಿದು ಓದುವುದಕ್ಕೆ ನನ್ನ ಓಟು ಫ್ಯಾನಿಗೆ. ಅಕ್ಷಕ್ಕೆ ಮರಳು ಸೇರಿದರೆ ಅದು ಕಡಿಮೆ ತೋರಿಸುತ್ತದೆ, ಹೆಚ್ಚು ತೋರಿಸುವುದಿಲ್ಲ. ಮೆಲ್ಲಗೆ ಊದಿ ನೋಡಿ: ಊದುವುದು ನಿಲ್ಲಿಸಿದ ಮೇಲೂ ನಯವಾಗಿ ಸುತ್ತುತ್ತಾ ನಿಧಾನಕ್ಕೆ ನಿಂತರೆ ಚೆನ್ನಾಗಿದೆ. ತಟ್ಟನೆ ನಿಂತರೆ ಫ್ಯಾನು ಬದಲಿಸುವ ಕಾಲ. ಕೆಸ್ಟ್ರೆಲ್‌ನಲ್ಲಿ ಅದನ್ನು ಹೆಬ್ಬೆರಳಿಂದ ಒತ್ತಿ ತೆಗೆದು ಹೊಸದು ಕೂರಿಸಬಹುದು, ಒತ್ತುವುದು ಮಾತ್ರ ಹೊರಗಿನ ಉಂಗುರದ ಮೇಲೆ, ಮಧ್ಯದ ಅಕ್ಷದ ಮೇಲಲ್ಲ.

ಬಳಸುವಾಗ ಜನ ಮಾಡುವ ತಪ್ಪುಗಳು ಬೇರೆ ಇವೆ.

ಮೈಯ ಮರೆಯಲ್ಲಿ ಹಿಡಿಯುವುದು. ತೋಳು ಚಾಚಿ, ಗಾಳಿ ಬರುವ ಕಡೆಗೆ ಮೈ ಅಡ್ಡವಾಗದಂತೆ ಹಿಡಿಯಬೇಕು.

ನೆಲಕ್ಕೆ ಒರಗಿಸಿ ಓದುವುದು. ಮಲಗಿದ ಎತ್ತರದಲ್ಲಿ, ಹುಲ್ಲಿನ ಮಧ್ಯೆ ಗಾಳಿ ಯಾವಾಗಲೂ ಕಡಿಮೆ. ಅಲ್ಲಿ 2 ಎಂದು ಓದಿದ್ದು ನಿಂತಾಗ 3 ಇರಬಹುದು. 1.65 ಸೆಕೆಂಡು ಹಾರುವ ಗುಂಡು ನಡುದಾರಿಯಲ್ಲಿ ನೋಟದ ಗೆರೆಗಿಂತ ಮೂರು ಮೀಟರಿಗೂ ಮೇಲೆ ಇರುತ್ತದೆ ಎಂಬುದನ್ನು ಮರೆಯಬೇಡಿ.

ತಾಪಮಾನಕ್ಕೆ ಕಾಯದಿರುವುದು. ಜೇಬಿನಿಂದ ತೆಗೆದ ಮೀಟರ್ ನಿಮ್ಮ ಮೈಯ ಬಿಸಿಯನ್ನೇ ತೋರಿಸುತ್ತದೆ. ದಾರದಲ್ಲಿ ಹಿಡಿದು ಒಂದೆರಡು ನಿಮಿಷ ನೆರಳಲ್ಲಿ ಬೀಸಿ, ಅಂಕಿ ನಿಂತ ಮೇಲೆ ಓದಿ.

ದಿಕ್ಸೂಚಿಯನ್ನು ನಳಿಗೆಯ ಪಕ್ಕ ಇಟ್ಟು ಗುರಿಯ ದಿಕ್ಕು ಹಿಡಿಯುವುದು. ಉಕ್ಕಿನ ಹತ್ತಿರ ಅದು ಬಾಯಿಗೆ ಬಂದದ್ದು ಹೇಳುತ್ತದೆ. ಸೆಲ್ಲು ಬದಲಿಸಿದಾಗಲೆಲ್ಲ ಮೀಟರನ್ನು ನೆಟ್ಟಗೆ ನಿಲ್ಲಿಸಿ, ಕಬ್ಬಿಣದಿಂದ ದೂರ, ನಿಧಾನಕ್ಕೆ ಮೂರು ಸುತ್ತು ತಿರುಗಿಸಿ ಕ್ಯಾಲಿಬ್ರೇಟ್ ಮಾಡಿ. ಸೆಲ್ಲು ಲಿಥಿಯಂ ಎಎ ಹಾಕಿ. ಚಳಿಯಲ್ಲಿ ಆಲ್ಕಲೈನ್ ಬೇಗ ಕೈ ಕೊಡುತ್ತದೆ, ಸೋರಿದರೆ ಮೀಟರನ್ನೂ ಕೊಲ್ಲುತ್ತದೆ.

---

ಗಾಳಿಪಟದ_ಬಾಲ ಉತ್ತರ:

ಮೀಟರ್ ಹೇಳುವುದು ನೀವು ನಿಂತ ಜಾಗದ ಗಾಳಿ. 1000 ಮೀಟರಿನ ದಾರಿಯಲ್ಲಿ ಒಂದು ಮೀಟರಿನ ಸುದ್ದಿ. ಉಳಿದದ್ದು ಹುಲ್ಲು, ಎಲೆ, ಧೂಳು, ಮಿರಾಜ್ (ಬಿಸಿ ಹವೆಯ ಅಲೆಯಾಟ) ನೋಡಿ ನೀವೇ ಓದಬೇಕು. ಆದರೂ ನಿಂತ ಜಾಗದ ಗಾಳಿಗೇ ಹೆಚ್ಚು ತೂಕ, ಯಾಕೆಂದರೆ ಶುರುವಿನಲ್ಲೇ ಪಕ್ಕಕ್ಕೆ ತಳ್ಳಿಸಿಕೊಂಡ ಗುಂಡು ಆ ಓರೆಯನ್ನು ಕೊನೆಯವರೆಗೂ ಹೊತ್ತುಕೊಂಡು ಹೋಗುತ್ತದೆ. ಪ್ಲೇಟಿನ ಹತ್ತಿರದ ಗಾಳಿಗೆ ಗುಂಡನ್ನು ಸರಿಸಲು ಸಮಯವೇ ಇರುವುದಿಲ್ಲ.

ಸ್ಪಾಟಿಂಗ್ ಸ್ಕೋಪನ್ನು ಪ್ಲೇಟಿಗೆ ಫೋಕಸ್ ಮಾಡಿ, ಆಮೇಲೆ ಸ್ವಲ್ಪ ಹಿಂದಕ್ಕೆ ತಿರುಗಿಸಿ. ಪ್ಲೇಟು ಮಸುಕಾಗಿ ನಡುದಾರಿಯ ಮಿರಾಜ್ ಕಾಣುತ್ತದೆ. ನೆಟ್ಟಗೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲ, ಅಥವಾ ನೇರ ಎದುರಿನಿಂದಲೋ ಬೆನ್ನ ಹಿಂದಿನಿಂದಲೋ ಬೀಸುತ್ತಿದೆ. ಓರೆಯಾದರೆ ಮೆಲುಗಾಳಿ. ಪೂರ್ತಿ ಅಡ್ಡಕ್ಕೆ ಹರಿಯುತ್ತಿದ್ದರೆ ಗಾಳಿ ಜೋರಾಗಿದೆ ಎಂದಷ್ಟೇ ಗೊತ್ತಾಗುತ್ತದೆ, ಎಷ್ಟು ಜೋರು ಎಂದು ಮಿರಾಜ್ ಹೇಳುವುದಿಲ್ಲ, ಆಗ ಮರಗಿಡ ನೋಡಿ.

ಆ್ಯಪಿಗೆ ಒಂದು ಅಂಕಿ ಕೊಡಬೇಡಿ, ಎರಡು ಕೊಡಿ. ಎರಡು ನಿಮಿಷ ಓದಿ ಕಡಿಮೆ ಎಷ್ಟು, ಜಾಸ್ತಿ ಎಷ್ಟು ಅಂತ ಹಿಡಿದುಕೊಳ್ಳಿ. 2.5 ಮತ್ತು 4 ಅಂತಿಟ್ಟುಕೊಳ್ಳಿ. ಎರಡಕ್ಕೂ ಹೋಲ್ಡ್ (ಎಷ್ಟು ಪಕ್ಕಕ್ಕೆ ಗುರಿಯಿಡಬೇಕು ಅನ್ನೋದು) ಗೊತ್ತಿದ್ದರೆ ಟ್ರಿಗರ್ ಮುಟ್ಟುವ ಹೊತ್ತಿಗೆ ಗಾಳಿ ಕಡಿಮೆಯ ಕಡೆಗಿದೆಯೋ ಜಾಸ್ತಿಯ ಕಡೆಗಿದೆಯೋ ಅಂತ ನೋಡಿ ಹೊಡೆಯಬಹುದು. ಸರಾಸರಿ ಗಾಳಿ ಅನ್ನೋದು ಬೀಸೋದೇ ಇಲ್ಲ.

ದಿಕ್ಕಿನ ಲೆಕ್ಕವೂ ಬಾಯಿಪಾಠ ಇರಲಿ. ಗುರಿ 12 ಗಂಟೆ ಎಂದಿಟ್ಟುಕೊಂಡರೆ 1 ಗಂಟೆಯ ಗಾಳಿಗೆ ಅರ್ಧ, ಒಂದೂವರೆಗೆ 0.7, 2 ಗಂಟೆಗೆ 0.87, 3 ಗಂಟೆಗೆ ಪೂರ್ತಿ. 2 ಗಂಟೆಯ ಗಾಳಿಯನ್ನು ಪೂರ್ತಿ ಎಂದುಕೊಂಡರೂ ದೊಡ್ಡ ನಷ್ಟವಿಲ್ಲ. 12ರ ಹತ್ತಿರದ ಗಾಳಿಯೇ ಮೋಸಗಾರ, ಚೂರು ಆಚೀಚೆ ಆದರೆ ಎಡದ್ದು ಬಲವಾಗುತ್ತದೆ.

---

ಝೀರೋ100:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ರೋನೋಗ್ರಾಫ್ ಸಿಕ್ಕಿತು, 10 ಗುಂಡಿಗೆ ಸರಾಸರಿ 821. ಆದರೂ ಆ್ಯಪ್ ಹೇಳಿದಷ್ಟು ಟರೆಟ್ (ಸ್ಕೋಪಿನ ಎತ್ತರ ಹೊಂದಿಸುವ ತಿರುಗಣೆ) ತಿರುಗಿಸಿದರೆ 600 ಮೀಟರಿನಲ್ಲಿ ಕೈಯಗಲ ಮೇಲೆ ಬೀಳುತ್ತದೆ, 800ರಲ್ಲಿ ಸುಮಾರು ಕಾಲು ಮೀಟರು ಮೇಲೆ. ರೇಂಜು ಸಮುದ್ರ ಮಟ್ಟದಿಂದ 900 ಮೀಟರು ಎತ್ತರದಲ್ಲಿದೆ. ಒತ್ತಡ 1014, ತಾಪಮಾನ 25 ಹಾಕಿದ್ದೆ. ಆ್ಯಪಿನಲ್ಲಿ ವೆಲಾಸಿಟಿಯನ್ನು 836 ಮಾಡಿದರೆ 800ಕ್ಕೆ ಸರಿಹೋಗುತ್ತದೆ. ಹಾಗೇ ಬಿಡಲೇ?

---

ಲೆಕ್ಕದಪ್ಪ ಉತ್ತರ:

ಬೇಡವೇ ಬೇಡ. 821 ಅಳೆದ ಅಂಕಿ, ಅದನ್ನು ಮುಟ್ಟಬೇಡಿ. ಕಳ್ಳ ಸಿಕ್ಕಿಬಿದ್ದಿದ್ದಾನೆ: 1014.

900 ಮೀಟರು ಎತ್ತರದಲ್ಲಿ ನಿಜವಾದ ಒತ್ತಡ 910ರ ಆಸುಪಾಸು ಇರಬೇಕು. 1014 ಬಂದದ್ದು ಹವಾಮಾನದ ವೆಬ್‌ಸೈಟಿನಿಂದಲೋ, ಮೀಟರಿನ "ಬ್ಯಾರೋ" ಪರದೆಯಿಂದಲೋ. ಅದು ಸಮುದ್ರ ಮಟ್ಟಕ್ಕೆ ಹೊಂದಿಸಿ ಹೇಳುವ ಒತ್ತಡ. ಗುಂಡಿಗೆ ಬೇಕಾದದ್ದು ಸ್ಟೇಷನ್ ಪ್ರೆಶರ್, ನಿಂತ ಜಾಗದಲ್ಲಿ ಹವೆ ನಿಜವಾಗಿ ಎಷ್ಟು ಒತ್ತುತ್ತಿದೆಯೋ ಅದು. 25 ಡಿಗ್ರಿಯಲ್ಲಿ 1014 ಎಂದರೆ ಘನ ಮೀಟರಿಗೆ 1.18 ಕೆ.ಜಿ. ಹವೆ. 910 ಎಂದರೆ 1.06. ಇಲ್ಲದ ಹವೆಯನ್ನು ಆ್ಯಪ್ ಇದೆ ಅಂದುಕೊಂಡು ಎಲಿವೇಶನ್ (ಟರೆಟ್ ಏರಿಸಬೇಕಾದ ಅಳತೆ) ಜಾಸ್ತಿ ಕೊಟ್ಟಿತು, ಗುಂಡು ಮೇಲೆ ಬಿತ್ತು. ದೂರ ಹೆಚ್ಚಿದಂತೆ ತಪ್ಪು ಬೆಳೆಯುತ್ತಾ ಹೋಗಿರುವುದೂ ಇದಕ್ಕೇ ತಾಳೆಯಾಗುತ್ತದೆ.

ವೆಲಾಸಿಟಿ ಏರಿಸಿ ಮುಚ್ಚಿಟ್ಟರೆ 800ಕ್ಕೆ ಸರಿ ಕಾಣುತ್ತದೆ, 1000ಕ್ಕೆ ಮತ್ತೆ ಒಂದು ಕ್ಲಿಕ್ ತಪ್ಪುತ್ತದೆ. ಅದಕ್ಕಿಂತ ಕೆಟ್ಟದ್ದು ಗಾಳಿಯ ಲೆಕ್ಕ: ದಪ್ಪ ಹವೆಯ ಲೆಕ್ಕದಲ್ಲಿ ಅಡ್ಡ ಸರಿತವನ್ನು ಶೇ 10ರ ಹತ್ತಿರ ಜಾಸ್ತಿ ಹೇಳುತ್ತಲೇ ಇರುತ್ತದೆ. ನೀವು ಗಾಳಿ ಓದಲು ಬರುವುದಿಲ್ಲ ಎಂದು ನಿಮ್ಮನ್ನೇ ಬೈದುಕೊಳ್ಳುತ್ತೀರಿ.

ಮೀಟರಿನಲ್ಲಿ ರೆಫರೆನ್ಸ್ ಆಲ್ಟಿಟ್ಯೂಡ್ ಸೊನ್ನೆ ಮಾಡಿ. ಆಗ ಬ್ಯಾರೋ ಎಂದು ತೋರಿಸುವುದೇ ಸ್ಟೇಷನ್ ಪ್ರೆಶರ್. ಆ್ಯಪಿನಲ್ಲಿ ಸ್ಟೇಷನ್ ಅಥವಾ ಆಬ್ಸಲ್ಯೂಟ್ ಪ್ರೆಶರ್ ಎಂಬ ಆಯ್ಕೆ ಹಾಕಿ, ಎತ್ತರದ ಖಾನೆಯನ್ನು ಮುಟ್ಟಬೇಡಿ. 910 ಕೊಟ್ಟು ಎತ್ತರ 900 ಎಂದೂ ತುಂಬಿದರೆ ಕೆಲವು ಆ್ಯಪ್‌ಗಳು ಎತ್ತರವನ್ನು ಎರಡು ಸಲ ಕಳೆಯುತ್ತವೆ, ಆಗ ಗುಂಡು ಕೆಳಗೆ. ಮೂರೂ ಅಂಕಿಯ ತಲೆನೋವು ಬೇಡವೆಂದರೆ ಡೆನ್ಸಿಟಿ ಆಲ್ಟಿಟ್ಯೂಡ್ (ಸ್ಟ್ಯಾಂಡರ್ಡ್ ಹವೆಯಲ್ಲಿ ಇಷ್ಟೇ ಸಾಂದ್ರತೆ ಇರುವ ಎತ್ತರ) ಒಂದನ್ನೇ ಕೊಡಿ. ನಿಮ್ಮ 910, 25 ಡಿಗ್ರಿಗೆ ಅದು 1450 ಮೀಟರಿನ ಹತ್ತಿರ ಬರಬೇಕು. ಹೊಸ ಮೀಟರ್ ಸರಿಯಿದೆಯೇ ಎಂದು ನೋಡಲೂ ಇದೇ ದಾರಿ.

ಯಾವ ಆ್ಯಪ್ ನಂಬಬೇಕು ಎಂಬ ನಿಮ್ಮ ಮೂರನೆಯ ಪ್ರಶ್ನೆಗೆ: ಒಂದೇ ಅಂಕಿ ಕೊಟ್ಟರೆ ಒಳ್ಳೆಯ ಸಾಲ್ವರ್‌ಗಳೆಲ್ಲ 1000 ಮೀಟರಿಗೆ 0.1 ಮಿಲ್ ಆಚೀಚೆ ಒಂದೇ ಉತ್ತರ ಕೊಡುತ್ತವೆ. ಹೆಚ್ಚು ವ್ಯತ್ಯಾಸ ಬಂದರೆ ಖಾನೆಗಳನ್ನು ಹುಡುಕಿ. ಮೊದಲು ಡ್ರ್ಯಾಗ್ ಮಾಡೆಲ್ (ಹವೆಯ ತಡೆಯ ಮಾದರಿ, ಜಿ1, ಜಿ7 ಅಂಥವು; ಅಂಕಿ ದೊಡ್ಡದಾದಷ್ಟೂ ತಡೆ ಕಡಿಮೆ). ಉದ್ದ ಬಾಲದ ಗುಂಡಿಗೆ ಜಿ7 ಅಂಕಿ ಜಿ1ರ ಅರ್ಧದಷ್ಟಿರುತ್ತದೆ. ಡಬ್ಬದ ಮೇಲಿನ ಜಿ1 ಅಂಕಿಯನ್ನು ಜಿ7 ಖಾನೆಗೆ ಹಾಕಿದರೆ ಗುಂಡು ರಾಕೆಟ್ಟಾಗುತ್ತದೆ. ಆಮೇಲೆ ಸ್ಪಿನ್ ಡ್ರಿಫ್ಟ್ (ಗುಂಡು ಸುತ್ತುವುದರಿಂದ ಆಗುವ ಅಡ್ಡ ಸರಿತ): ಬಲಕ್ಕೆ ಸುತ್ತುವ ನಳಿಗೆಯಲ್ಲಿ 1000 ಮೀಟರಿಗೆ ಬಲಕ್ಕೆ 20 ಸೆಂ.ಮೀ. ಹತ್ತಿರ, ಒಂದರಲ್ಲಿ ಆನ್, ಇನ್ನೊಂದರಲ್ಲಿ ಆಫ್ ಇರಬಹುದು. ಕೊರಿಯಾಲಿಸ್ (ಭೂಮಿ ತಿರುಗುವುದರ ಪರಿಣಾಮ) ನಡು ಅಕ್ಷಾಂಶದಲ್ಲಿ 10 ಸೆಂ.ಮೀ. ಒಳಗೆ. ಅದರ ಬಗ್ಗೆ ಪುಟಗಟ್ಟಲೆ ಜಗಳ ಆಡುವವರು ಮೊದಲು ಸ್ಕೋಪಿನ ಲೆವೆಲ್ ನೋಡಿಕೊಳ್ಳಲಿ: 10 ಮಿಲ್ ತಿರುಗಿಸಿ ರೈಫಲನ್ನು ಒಂದೇ ಒಂದು ಡಿಗ್ರಿ ವಾಲಿಸಿದರೆ 17 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ.

ಹಾರ್ನಡಿ 4ಡಿಒಎಫ್, ಲಪುವಾ, ಅಪ್ಲೈಡ್ ಬ್ಯಾಲಿಸ್ಟಿಕ್ಸ್ ಮೂರೂ ಸಾಲ್ವರ್‌ಗಳಲ್ಲಿ ಗುಂಡಿಗೆಂದೇ ಅಳೆದ ಡ್ರ್ಯಾಗ್ ಕರ್ವ್ ಇದೆ. ನಿಮ್ಮ ಗುಂಡು ಯಾವುದರ ಪಟ್ಟಿಯಲ್ಲಿದೆಯೋ ಅದನ್ನು ಹಾಕಿಕೊಳ್ಳಿ. ಶಬ್ದದ ವೇಗಕ್ಕೆ ಹತ್ತಿರ ಇಳಿಯುವ ದೂರದವರೆಗೆ ಹೊಡೆಯುವುದಾದರೆ ಮಾತ್ರ ಕರ್ವ್‌ನ ಬೆಲೆ ತಿಳಿಯುತ್ತದೆ, ನಿಮ್ಮ 1000ಕ್ಕೆ ಒಳ್ಳೆಯ ಜಿ7 ಅಂಕಿಯೂ ಸಾಕು.

---

ಝೀರೋ100:

ರೆಫರೆನ್ಸ್ ಸೊನ್ನೆ ಮಾಡಿದೆ. 911 ಬಂತು. 800ಕ್ಕೆ 6.9 ಮಿಲ್ ಇದ್ದದ್ದು 6.6 ಆಯಿತು. ಇನ್ನೂ ಏನಾದರೂ ಉಳಿದರೆ ಆಗ ಟ್ರೂಯಿಂಗ್ (ಗುಂಡು ಬಿದ್ದ ಜಾಗಕ್ಕೆ ತಾಳೆಯಾಗುವಂತೆ ಆ್ಯಪಿನ ಅಂಕಿ ತಿದ್ದುವುದು) ಮಾಡಬಹುದಾ?

---

ಮೂರುಕಾಲು ಉತ್ತರ:

ಮಾಡಬಹುದು, ಆದರೆ ಸ್ಕೋಪನ್ನು ಮೊದಲು ಪರೀಕ್ಷಿಸಿ. ಎತ್ತರದ ಹಲಗೆಗೆ ತೂಕದ ದಾರ ಇಳಿಬಿಟ್ಟು ನೆಟ್ಟಗೆ ಗೆರೆ ಎಳೆಯಿರಿ. ಟೇಪಿನಲ್ಲಿ ಅಳೆದ 100 ಮೀಟರಿಗೆ ಇಡಿ, "ಸುಮಾರು 100" ಆಗದು. ಕೆಳಗಿನ ಚುಕ್ಕೆಗೆ ಗುರಿಯಿಟ್ಟು ಸೊನ್ನೆಯಲ್ಲಿ ಐದು ಗುಂಡು, ಅದೇ ಚುಕ್ಕೆಗೆ ಗುರಿಯಿಟ್ಟು 8 ಮಿಲ್ ತಿರುಗಿಸಿ ಐದು ಗುಂಡು. ಎರಡು ಗುಂಪಿನ ನಡುವೆ 80 ಸೆಂ.ಮೀ. ಇರಬೇಕು. 78.4 ಬಂದರೆ ನಿಮ್ಮ ಟರೆಟ್ ಶೇ 98 ಮಾತ್ರ ಚಲಿಸುತ್ತಿದೆ. ಆ 0.98 ಅನ್ನು ಆ್ಯಪಿನ ಸ್ಕೋಪ್ ಕ್ಯಾಲಿಬ್ರೇಶನ್ ಖಾನೆಗೆ ಹಾಕಿ. ಇದನ್ನು ಬಿಟ್ಟು ಟ್ರೂಯಿಂಗ್ ಮಾಡಿದರೆ ಸ್ಕೋಪಿನ ಪಾಪ ಗುಂಡಿನ ತಲೆಗೆ ಬರುತ್ತದೆ. ಗುಂಪು ಗೆರೆ ಬಿಟ್ಟು ಪಕ್ಕಕ್ಕೆ ಏರಿದ್ದರೆ ರೆಟಿಕಲ್ (ಸ್ಕೋಪಿನೊಳಗಿನ ಗುರಿಗೆರೆ) ಓರೆ ಕೂತಿದೆ.

ಸ್ಕೋಪಿನ ಎತ್ತರವನ್ನೂ ನಳಿಗೆಯ ಮಧ್ಯದಿಂದ ಸ್ಕೋಪಿನ ಮಧ್ಯಕ್ಕೆ ಅಳೆದು ಹಾಕಿ, ರಿಂಗಿನ ಪೆಟ್ಟಿಗೆಯ ಮೇಲಿನ ಅಂಕಿಯಲ್ಲ.

ವೆಲಾಸಿಟಿ ಟ್ರೂಯಿಂಗ್ ಅನ್ನು 300 ಮೀಟರಿನಲ್ಲಿ ಮಾಡಬೇಡಿ. ಅಲ್ಲಿ 10 ಮೀ/ಸೆ. ವ್ಯತ್ಯಾಸ ಒಂದು ಕ್ಲಿಕ್‌ಗಿಂತ ಕಡಿಮೆ, ನಿಮ್ಮ ಗ್ರೂಪಿನೊಳಗೇ ಮುಚ್ಚಿಹೋಗುತ್ತದೆ. ಗುಂಡು ಇನ್ನೂ ಶಬ್ದದ 1.2 ಪಟ್ಟು ವೇಗದಲ್ಲಿರುವ ದೂರವೇ ಇದಕ್ಕೆ ಸರಿ, ನಿಮಗೆ ಅದು 1000 ಮೀಟರು ಅಥವಾ ಸ್ವಲ್ಪ ಆಚೆ. ಬೆಳಗಿನ ಗಾಳಿ ಇಲ್ಲದ ಹೊತ್ತು, ಪ್ಲೇಟಲ್ಲ ಕಾಗದ, ಹತ್ತು ಗುಂಡಿನ ಗುಂಪಿನ ಮಧ್ಯ. ಟ್ರೂಯಿಂಗ್ ನಿಮ್ಮ 821ನ್ನು 5 ಮೀ/ಸೆ.ಗಿಂತ ಹೆಚ್ಚು ಸರಿಸಲು ಹೇಳಿದರೆ ಒಪ್ಪಬೇಡಿ, ಬೇರೆ ಖಾನೆಯಲ್ಲಿ ಎಲ್ಲೋ ತಪ್ಪಿದೆ.

---

ಗಾಳಿಪಟದ_ಬಾಲ ಉತ್ತರ:

ಒಂದು ಸೇರಿಸುತ್ತೇನೆ. 821 ಅಳೆದಾಗ ತೋಟಾ ಎಷ್ಟು ಡಿಗ್ರಿ ಇತ್ತು ಎಂದು ಬರೆದುಕೊಂಡಿರಾ? ಮದ್ದಿನ ಮೇಲೆ ಹೋಗುತ್ತದೆ, ಡಿಗ್ರಿಗೆ ಅರ್ಧ ಮೀ/ಸೆ. ಬದಲಾಗುವುದು ಅಪರೂಪವಲ್ಲ. ಚಳಿಯಲ್ಲಿ ಒಂದು ಸಲ, ಸೆಕೆಯಲ್ಲಿ ಒಂದು ಸಲ ಅಳೆದು ಆ್ಯಪಿನ ತಾಪಮಾನ ಪಟ್ಟಿಗೆ ತುಂಬಿ. ಬಿಸಿಯಾದ ಚೇಂಬರಿನಲ್ಲಿ ತೋಟಾ ಬಿಟ್ಟು ಗಾಳಿ ಓದುತ್ತಾ ಕೂರಬೇಡಿ, ಆ ಗುಂಡು ಮೇಲೆ ಹೋಗುತ್ತದೆ. ಗಾಳಿ ಓದಿದ ಮೇಲೆ ಬೋಲ್ಟ್ ಮುಚ್ಚಿ.

ಮತ್ತೆ ಚೀಟಿಯನ್ನು ಬಿಸಾಡಬೇಡಿ. ಡೆನ್ಸಿಟಿ ಆಲ್ಟಿಟ್ಯೂಡ್ 1000, 1500, 2000 ಮೀಟರು ಎಂದು ಮೂರು ಕಾಲಂ, 50 ಮೀಟರಿಗೊಂದು ಸಾಲು, ಪಕ್ಕದಲ್ಲಿ 1 ಮೀ/ಸೆ. ಪೂರ್ತಿ ಅಡ್ಡಗಾಳಿಗೆ ಎಷ್ಟು ಮಿಲ್ ಎಂಬುದು. ಲ್ಯಾಮಿನೇಟ್ ಮಾಡಿಸಿ ಸ್ಟಾಕಿಗೆ ಅಂಟಿಸಿ. ಮೀಟರಿನ ಸೆಲ್ಲು ಮುಗಿದ ದಿನ ಫೋನಿನ ಬ್ಯಾರೋಮೀಟರ್‌ನಿಂದ ಒತ್ತಡ, ನೆರಳಿನ ಥರ್ಮಾಮೀಟರ್‌ನಿಂದ ತಾಪಮಾನ ತೆಗೆದುಕೊಂಡು ಯಾವ ಕಾಲಂ ಅಂತ ಆರಿಸಿ.